ಬಿಸಿಲಿಲ್ಲದ ಊರಿನಲ್ಲಿ ಬೆಳಕಿನ ಬೆಸುಗೆ

ಜುಲೈ ತಿಂಗಳಲ್ಲಿ ಮೂಡಿಗೆರೆಗೆ ಹೋಗುವವರು ಕೊಡೆಯ ಜೊತೆಗೆ ಸ್ವಲ್ಪ ತಾಳ್ಮೆಯನ್ನೂ ಒಯ್ಯಬೇಕು. ಚಿಕ್ಕಮಗಳೂರಿನಿಂದ ಹೊರಟ ಬಸ್ಸು ಸುಮಾರು ಮೂವತ್ತು ಕಿಲೋಮೀಟರ್ ದೂರ ಕಾಫಿ ತೋಟಗಳ ನಡುವೆ ತಿರುಗಿ ತಿರುಗಿ ಸಾಗುತ್ತದೆ. ಕಿಟಕಿಯ ಶಟರು ಇಳಿಸಿದರೆ ಉಸಿರು ಕಟ್ಟುತ್ತದೆ, ಏರಿಸಿದರೆ ಮೈ ತೊಯ್ಯುತ್ತದೆ. ಪೇಟೆಯಲ್ಲಿ ಇಳಿದರೆ ಮಧ್ಯಾಹ್ನ ಹನ್ನೆರಡಕ್ಕೇ ಅಂಗಡಿಗಳಲ್ಲಿ ದೀಪ ಉರಿಯುತ್ತಿರುತ್ತದೆ. ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ಈ ಊರಿಗೆ ಜೂನ್‌ನಲ್ಲಿ ಕವಿದ ಮೋಡ ಸರಿಯಾಗಿ ಬಿಡುವುದು ಸೆಪ್ಟೆಂಬರ್ ಹೊತ್ತಿಗೆ. ನಡುವೆ ಒಂದು ಗಂಟೆ ಬಿಸಿಲು ಬಂದರೆ ಅದು ಮನೆಮನೆಯ ಸುದ್ದಿ. ಹೆಂಗಸರು ಒಲೆಯ ಮೇಲಿನ ಹಗ್ಗದಿಂದ ಬಟ್ಟೆ ತೆಗೆದು ಅಂಗಳಕ್ಕೆ ಓಡುತ್ತಾರೆ.

ಪ್ರವಾಸಿಗರು ಇಲ್ಲಿಂದ ದೇವರಮನೆ ಬೆಟ್ಟಕ್ಕೋ ಚಾರ್ಮಾಡಿ ಘಾಟಿಗೋ ಹೋಗುತ್ತಾರೆ. ದಾರಿಯಲ್ಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾರೆ. ಇತಿಹಾಸದ ಆಸಕ್ತಿ ಇದ್ದವರು ಹೊಯ್ಸಳರ ಮೂಲಸ್ಥಾನವೆಂದು ಹೆಸರಾದ ಅಂಗಡಿ ಗ್ರಾಮವನ್ನೂ ಅಲ್ಲಿನ ಹಳೆಯ ಬಸದಿಗಳನ್ನೂ ನೋಡುತ್ತಾರೆ. ಸಾಹಿತ್ಯಪ್ರಿಯರು ಪೂರ್ಣಚಂದ್ರ ತೇಜಸ್ವಿಯವರು ಬದುಕಿದ ತೋಟವನ್ನು ವಿಚಾರಿಸುತ್ತಾರೆ. ಪೇಟೆಯ ಗಲ್ಲಿಗಳಲ್ಲಿ ನಿಂತು ನೋಡುವವರು ಕಡಿಮೆ. ಇಂಥ ಯಾವುದೇ ತಾಲ್ಲೂಕು ಕೇಂದ್ರದ ಗಲ್ಲಿಯಲ್ಲಿ ಇರುವ ಮೂರು ಸಾಮಾನ್ಯ ಅಂಗಡಿಗಳನ್ನು ಹಿಡಿದುಕೊಂಡರೆ, ರಸಾಯನಶಾಸ್ತ್ರದ ಒಂದು ಸೊಗಸಾದ ಅಧ್ಯಾಯ ಅಲ್ಲೇ ತೆರೆದುಕೊಳ್ಳುತ್ತದೆ. ಒಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ, ಒಂದು ಹಲ್ಲಿನ ಆಸ್ಪತ್ರೆ, ಒಂದು ಮೊಬೈಲ್ ರಿಪೇರಿ ಅಂಗಡಿ. ಮೂರರಲ್ಲೂ ಬೆಳಕು ಬಿದ್ದೊಡನೆ ದ್ರವ ಗಟ್ಟಿಯಾಗುತ್ತದೆ.

ಬೆಳಕಿನ ಲೆಕ್ಕಾಚಾರ ಮೂಡಿಗೆರೆಯವರಿಗೆ ಹೊಸದೇನೂ ಅಲ್ಲ. ಕಾಫಿ ನೆರಳಿನ ಬೆಳೆ. ಸಿಲ್ವರ್ ಓಕ್, ಹಾಲುವಾಣ, ಹಲಸು, ಅತ್ತಿ ಮರಗಳ ಕೆಳಗೆ ಗಿಡಕ್ಕೆ ಎಷ್ಟು ಬೆಳಕು ಸಿಗಬೇಕೆಂಬುದರ ಮೇಲೆ ಇಡೀ ವರ್ಷದ ಫಸಲು ನಿಂತಿದೆ. ಮಳೆ ಹಿಡಿಯುವ ಮುನ್ನ ಮರಗಸಿ ಮಾಡಿಸುವುದು ಅದಕ್ಕೇ. ಕೊಂಬೆ ಹೆಚ್ಚು ಕಡಿದರೆ ಗಿಡ ಬಾಡುತ್ತದೆ, ಕಡಿಮೆ ಕಡಿದರೆ ಮಳೆಗಾಲದ ಕತ್ತಲಲ್ಲಿ ಕೊಳೆರೋಗ ಹಿಡಿಯುತ್ತದೆ. ಮರದ ಮೇಲೆ ಕತ್ತಿ ಹಿಡಿದು ಕೂತ ಆಳಿಗೆ ಕೆಳಗಿನಿಂದ ತೋಟದ ಮಾಲೀಕ ಕೂಗಿ ಹೇಳುವುದೆಲ್ಲ ಬೆಳಕಿನ ಅಳತೆಯೇ.

ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯವನ ಅಳತೆ ಇನ್ನೂ ನಾಜೂಕು. ಆಗಸ್ಟ್ ಹದಿನೈದಕ್ಕೆ ಶಾಲೆಗಳಿಗೆ ಪ್ರಶಸ್ತಿಪತ್ರ ಬೇಕು, ಗೌರಿ ಗಣೇಶ ಹಬ್ಬಕ್ಕೆ ಯುವಕ ಸಂಘಗಳಿಗೆ ರಸೀದಿ ಪುಸ್ತಕ ಬೇಕು, ಕೆಸರುಗದ್ದೆ ಓಟಕ್ಕೆ ಬನಿಯನ್ನಿನ ಮೇಲೆ ಹೆಸರು ಬೇಕು. ಬೇಸಿಗೆಯ ಮದುವೆ ಕಾಗದಗಳ ಭರಾಟೆಯಷ್ಟಲ್ಲದಿದ್ದರೂ ಇದೂ ಒಂದು ಸುಗ್ಗಿಯೇ. ಮರದ ಚೌಕಟ್ಟಿಗೆ ಬಿಗಿದ ತೆಳು ನೈಲಾನ್ ಬಟ್ಟೆಯ ಮೇಲೆ ಆತ ಎಮಲ್ಷನ್ ಬಳಿಯುತ್ತಾನೆ. ಅದು ಪಾಲಿವಿನೈಲ್ ಆಲ್ಕೊಹಾಲ್ ಎಂಬ, ನೀರಿನಲ್ಲಿ ಕರಗುವ ಅಂಟು. ಅದಕ್ಕೆ ಬೆಳಕಿನ ಸ್ಪರ್ಶಜ್ಞಾನ ಕೊಡಲು ಹಿಂದಿನಿಂದ ಬಂದ ಪದ್ಧತಿಯೆಂದರೆ ಕಿತ್ತಳೆ ಬಣ್ಣದ ಬೈಕ್ರೋಮೇಟ್ ದ್ರಾವಣದ ಕೆಲವು ತೊಟ್ಟು ಬೆರೆಸುವುದು. ಕತ್ತಲ ಕೋಣೆಯಲ್ಲಿ ಒಣಗಿದ ಮೇಲೆ, ಕಪ್ಪು ಅಕ್ಷರಗಳಿರುವ ಪಾರದರ್ಶಕ ಹಾಳೆಯನ್ನು, ಅಂದರೆ ಅವನ ಭಾಷೆಯಲ್ಲಿ ‘ಪಾಸಿಟಿವ್’ ಅನ್ನು, ಅದರ ಮೇಲಿಟ್ಟು ಗಾಜು ಒತ್ತಿ ಬೆಳಕಿಗೆ ಒಡ್ಡುತ್ತಾನೆ. ಬೆಳಕು ಬಿದ್ದ ಕಡೆ ಅಂಟು ಗಟ್ಟಿಯಾಗಿ ನೀರಿಗೆ ಜಗ್ಗುವುದಿಲ್ಲ. ಅಕ್ಷರದ ಕಪ್ಪು ಅಡ್ಡ ಬಂದ ಕಡೆ ಮೆತ್ತಗೇ ಉಳಿದು ತೊಳೆದಾಗ ಹರಿದುಹೋಗುತ್ತದೆ. ಆ ತೆರೆದ ಕಿಂಡಿಯಿಂದ ಶಾಯಿ ಇಳಿದು ‘ಪ್ರಥಮ ಬಹುಮಾನ’ ಎಂದು ಕಾಗದದ ಮೇಲೆ ಮೂಡುತ್ತದೆ.

ಬಯಲುಸೀಮೆಯ ಊರುಗಳಲ್ಲಿ ಈ ಕೆಲಸಕ್ಕೆ ಅಂಗಡಿಯ ಮುಂದಿನ ಬಿಸಿಲೇ ಸಾಕು. ಚೌಕಟ್ಟನ್ನು ಹೊರಗೆ ಹಿಡಿದು ಎಣಿಸಿ ಒಳಗೆ ತಂದರಾಯಿತು. ಮಲೆನಾಡಿನ ಮಳೆಗಾಲದಲ್ಲಿ ಆ ಭಾಗ್ಯವಿಲ್ಲ. ಮೋಡದ ಬೆಳಕು ಗಳಿಗೆಗೊಂದು ಬಗೆ. ಐದು ನಿಮಿಷ ಸಾಲದೆ ಅಕ್ಷರ ಕಿತ್ತುಬರಬಹುದು, ಹತ್ತು ನಿಮಿಷ ಹೆಚ್ಚಾಗಿ ಕೊಂಬು ದೀರ್ಘಗಳೆಲ್ಲ ಮುಚ್ಚಿಹೋಗಬಹುದು. ಕನ್ನಡ ಅಕ್ಷರದ ಒತ್ತುಗಳು ಇಂಗ್ಲಿಷಿನ ನೆಟ್ಟಗಿನ ಗೆರೆಗಳಂತಲ್ಲ. ಹೀಗಾಗಿ ಒಂದು ಮರದ ಪೆಟ್ಟಿಗೆ, ಒಳಗೆ ಸಾಲಾಗಿ ನೇರಳೆ ಟ್ಯೂಬ್‌ಲೈಟುಗಳು, ಮೇಲೊಂದು ಗಾಜು, ಇಷ್ಟು ಸಾಮಾನು ಇಲ್ಲದೆ ಇಲ್ಲಿ ಕಸುಬು ನಡೆಯದು. ಕರೆಂಟು ಇದ್ದರೆ ಸರಿ.

ಬೆಳಕು ಅಲ್ಲಿ ಮಾಡುವುದೇನು? ಪಾಲಿಮರ್ ಎಂದರೆ ಸಣ್ಣ ಅಣುಗಳು ಒಂದಕ್ಕೊಂದು ಕೂಡಿ ಆದ ಉದ್ದನೆಯ ಸರ. ಹತ್ತಿ, ರೇಷ್ಮೆ, ರಬ್ಬರ್, ಪ್ಲಾಸ್ಟಿಕ್ ಎಲ್ಲವೂ ಇಂಥ ಸರಗಳೇ. ಎಮಲ್ಷನ್ನಿನಲ್ಲಿ ಸರಗಳು ಮೊದಲೇ ಇವೆ, ಆದರೆ ಬಿಡಿಬಿಡಿಯಾಗಿ ಶಾವಿಗೆಯಂತೆ ಬಿದ್ದಿವೆ. ಅದಕ್ಕೇ ನೀರು ಅವನ್ನು ಸುಲಭವಾಗಿ ಎಳೆದೊಯ್ಯುತ್ತದೆ. ಬೆಳಕು ಬಿದ್ದಾಗ ಬೈಕ್ರೋಮೇಟಿನ ಕ್ರೋಮಿಯಂ ತನ್ನ ಆರರ ಸ್ಥಿತಿಯಿಂದ ಮೂರರ ಸ್ಥಿತಿಗೆ ಇಳಿಯುತ್ತದೆ. ಮೂರರ ಕ್ರೋಮಿಯಂ ಪಕ್ಕಪಕ್ಕದ ಸರಗಳನ್ನು ಹಿಡಿದು ಗಂಟು ಹಾಕುತ್ತದೆ. ಶಾವಿಗೆ ಬಲೆಯಾಗುತ್ತದೆ. ಬಲೆ ಕರಗುವುದಿಲ್ಲ.

ಇದು ಬಹಳ ಹಳೆಯ ವಿದ್ಯೆ. ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ 1826–27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಕಾಣುವ ನೋಟವನ್ನು ಲೋಹದ ತಗಡಿನ ಮೇಲೆ ಹಿಡಿದ. ಉಳಿದುಬಂದಿರುವ ಛಾಯಾಚಿತ್ರಗಳಲ್ಲೇ ಅದು ಅತ್ಯಂತ ಹಳೆಯದೆಂದು ಹೆಸರಾಗಿದೆ. ಈಗ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದೆ. ಅದರಲ್ಲಿ ಬೆಳ್ಳಿಯ ಲವಣ ಇರಲಿಲ್ಲ. ಆತ ಬಳಿದದ್ದು ಒಂದು ಬಗೆಯ ಡಾಂಬರು. ಬಿಸಿಲು ಬಿದ್ದ ಕಡೆ ಡಾಂಬರು ಗಟ್ಟಿಯಾಯಿತು, ಬೀಳದ ಕಡೆಯದನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ತೊಳೆದು ತೆಗೆದ. ಪ್ರಶಸ್ತಿಪತ್ರ ಅಚ್ಚು ಹಾಕುವವನು ಇಂದು ಮಾಡುವುದೂ ತತ್ವದಲ್ಲಿ ಅದೇ, ಎಣ್ಣೆಯ ಬದಲು ನಲ್ಲಿ ನೀರು. 1839ರಲ್ಲಿ ಸ್ಕಾಟ್‌ಲೆಂಡಿನ ಮಂಗೋ ಪಾಂಟನ್ ಬೈಕ್ರೋಮೇಟ್ ಬಳಿದ ಕಾಗದ ಬೆಳಕಿಗೆ ಬದಲಾಗುವುದನ್ನು ಕಂಡ. 1852ರಲ್ಲಿ ಇಂಗ್ಲೆಂಡಿನ ಟಾಲ್ಬಟ್ ಜಿಲೆಟಿನ್ ಜೊತೆ ಬೈಕ್ರೋಮೇಟ್ ಸೇರಿಸಿ ಅಚ್ಚಿನ ಫಲಕ ಮಾಡುವ ಹಕ್ಕುಪತ್ರ ಪಡೆದ. ಪುಸ್ತಕ, ಪತ್ರಿಕೆಗಳಲ್ಲಿ ಚಿತ್ರಗಳು ಅಚ್ಚಾಗಲು ದಾರಿಯಾದದ್ದು ಹೀಗೆ.

ಎರಡನೆಯ ಅಂಗಡಿ, ಎಂದರೆ ಹಲ್ಲಿನ ಆಸ್ಪತ್ರೆಯಲ್ಲಿ, ನಡೆಯುವುದು ಇನ್ನೂ ವಿಸ್ಮಯದ ಸಂಗತಿ. ಇಲ್ಲಿ ಸರಗಳು ಮೊದಲೇ ಇರುವುದಿಲ್ಲ. ಅವು ಹುಟ್ಟುವುದೇ ಬಾಯೊಳಗೆ.

ಕೆಸರುಗದ್ದೆ ಓಟದಲ್ಲಿ ಮುಗ್ಗರಿಸಿ ಮುಂದಿನ ಹಲ್ಲಿನ ಮೂಲೆ ಮುರಿದುಕೊಂಡು ಬರುವ ಹುಡುಗರು ಈ ಕಡೆ ಅಪರೂಪವಲ್ಲ. ಅಂಥ ಒಬ್ಬ ಎಂಟನೇ ತರಗತಿಯ ಹುಡುಗ, ಸ್ವಾತಂತ್ರ್ಯ ದಿನಾಚರಣೆಗೆ ಇನ್ನು ಮೂರೇ ದಿನವಿರುವಾಗ ಕುರ್ಚಿ ಹತ್ತಿ ಕೂತಿದ್ದಾನೆಂದು ಇಟ್ಟುಕೊಳ್ಳಿ.

“ಡಾಕ್ಟ್ರೇ, ಹದಿನೈದಕ್ಕೆ ಇವನ್ದು ಭಾಷಣ ಐತೆ. ‘ಸ್ವಾತಂತ್ರ್ಯ’ ಅಂದ್ರೆ ಬರೀ ಗಾಳಿ ಬರ್ತದೆ,” ಎಂದು ತಾಯಿಯ ಅಳಲು.

“ಯಾಕೆ ಹೆದರ್ತೀರಿ ಅಮ್ಮಾ, ಅರ್ಧ ಗಂಟೆ ಕೂತ್ಕೊಳ್ಳಿ. ಮರಿ, ಬಾಯಿ ದೊಡ್ಡದಾಗಿ ತೆಗಿ.”

ವೈದ್ಯರು ಮೊದಲು ಹಲ್ಲನ್ನು ಒಣಗಿಸಿ, ಆಮ್ಲದ ಜೆಲ್ ಹಚ್ಚಿ, ತೊಳೆದು, ಅಂಟಿನ ದ್ರವ ಬಳಿಯುತ್ತಾರೆ. ಆಮೇಲೆ ಕಪ್ಪು ಸಿರಿಂಜಿನಿಂದ ಹಲ್ಲಿನದೇ ಬಣ್ಣದ ಹಿಟ್ಟಿನಂಥ ವಸ್ತುವನ್ನು ಸ್ವಲ್ಪ ಸ್ವಲ್ಪವೇ ಇಟ್ಟು ಮೂಲೆಯ ಆಕಾರ ತಿದ್ದುತ್ತಾರೆ. ತಲೆಯ ಮೇಲಿನ ದೊಡ್ಡ ದೀಪವನ್ನು ಈ ಹೊತ್ತಿನಲ್ಲಿ ಪಕ್ಕಕ್ಕೆ ತಿರುಗಿಸಿಬಿಡುತ್ತಾರೆ. ಪೆನ್ನಿನಂಥ ಒಂದು ಸಾಧನದ ತುದಿಯಿಂದ ಗಾಢ ನೀಲಿ ಬೆಳಕು ಬೀಳುತ್ತದೆ. ಇಪ್ಪತ್ತು ಸೆಕೆಂಡು. ಕಿಣಿ ಎಂದು ಸದ್ದಾದಾಗ ಹಿಟ್ಟು ಕಲ್ಲಾಗಿರುತ್ತದೆ.

ಆ ಹಿಟ್ಟಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಪಾಲು ಗಾಜಿನ ನುಣುಪಾದ ಪುಡಿ. ಉಳಿದದ್ದು ಮೆಥಾಕ್ರಿಲೇಟ್ ಜಾತಿಯ ರಾಳ. ಅಮೆರಿಕದ ದಂತ ವಿಜ್ಞಾನಿ ರಾಫೆಲ್ ಬೋವೆನ್ 1962ರಲ್ಲಿ ಹಕ್ಕುಪತ್ರ ಪಡೆದ ರಾಳದ ಸಂತತಿಯೇ ಇಂದಿಗೂ ಬಹುಪಾಲು ಬಳಕೆಯಲ್ಲಿದೆ. ಈ ಅಣುಗಳ ತುದಿಯಲ್ಲಿ ಎರಡು ಇಂಗಾಲಗಳು ಜೋಡಿ ಬಂಧದಿಂದ ಹಿಡಿದುಕೊಂಡಿರುತ್ತವೆ. ಎರಡೂ ಕೈಗಳನ್ನು ತಾನೇ ಕಟ್ಟಿಕೊಂಡು ಮೂಲೆಯಲ್ಲಿ ನಿಂತ ಮಗುವಿನ ಹಾಗೆ. ಆ ಕೈ ಬಿಡಿಸಿದರೆ ಅದು ಪಕ್ಕದ ಮಗುವಿನ ಕೈ ಹಿಡಿಯಬಲ್ಲದು, ಆ ಮಗು ಮುಂದಿನದನ್ನು ಹಿಡಿಯಬಲ್ಲದು. ಸಾಲು ಬೆಳೆಯುತ್ತದೆ. ಮೊದಲ ಕೈ ಬಿಡಿಸುವವರು ಯಾರು ಎಂಬುದೇ ಪ್ರಶ್ನೆ.

ಇಲ್ಲಿ ಬರುತ್ತದೆ ಕರ್ಪೂರ. ದೇವರ ಮುಂದೆ ಮಂಗಳಾರತಿಗೆ ಹಚ್ಚುವ ಅದೇ ಕರ್ಪೂರಕ್ಕೆ ಆಕ್ಸಿಜನ್ ಸೇರಿಸಿದರೆ ಹಳದಿ ಹರಳಿನ ಒಂದು ವಸ್ತು ಸಿಗುತ್ತದೆ. ಹೆಸರು ಕ್ಯಾಂಫರ್‌ಕ್ವಿನೋನ್. ಹಲ್ಲಿನ ರಾಳದಲ್ಲಿ ಇದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಸಾರಿಗೆ ಉಪ್ಪಿನಷ್ಟು ಎನ್ನುವುದೂ ಹೆಚ್ಚಾದೀತು. ಅದು ಹಳದಿಯಾಗಿ ಕಾಣುವುದೇ ನೀಲಿ ಬೆಳಕನ್ನು ನುಂಗುವ ಕಾರಣದಿಂದ; 468 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ನೀಲಿ ಅದಕ್ಕೆ ಬಹಳ ಇಷ್ಟ. ಬೆಳಕು ನುಂಗಿದ ಕ್ಯಾಂಫರ್‌ಕ್ವಿನೋನ್ ಅಣು ಉದ್ರೇಕಗೊಂಡು ನಿಲ್ಲಲಾರದೆ, ಜೊತೆಗೆ ಸೇರಿಸಿಟ್ಟ ಅಮೈನ್ ಎಂಬ ಇನ್ನೊಂದು ಅಣುವಿನಿಂದ ಮೊದಲು ಒಂದು ಎಲೆಕ್ಟ್ರಾನನ್ನೂ ಬಳಿಕ ಒಂದು ಹೈಡ್ರೋಜನ್ನನ್ನೂ ಕಿತ್ತುಕೊಳ್ಳುತ್ತದೆ. ಕಳೆದುಕೊಂಡ ಅಮೈನಿನಲ್ಲಿ ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನ್ ಉಳಿಯುತ್ತದೆ. ರಸಾಯನಶಾಸ್ತ್ರದಲ್ಲಿ ಇಂಥದ್ದಕ್ಕೆ ಮುಕ್ತ ರಾಡಿಕಲ್ ಎಂದು ಹೆಸರು. ಅದು ಜೊತೆಗಾಗಿ ಹಪಹಪಿಸಿ ಪಕ್ಕದ ಮೆಥಾಕ್ರಿಲೇಟಿನ ಕಟ್ಟಿದ ಕೈಯನ್ನು ಎಳೆದು ಬಿಡಿಸುತ್ತದೆ. ಈಗ ಒಂಟಿತನ ಆ ಅಣುವಿಗೆ ದಾಟಿತು. ಅದು ಮುಂದಿನದನ್ನು ಎಳೆಯುತ್ತದೆ. ಒಂದು ರಾಡಿಕಲ್ಲಿನಿಂದ ಹೊರಟ ಈ ಸರಪಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಅಣುವಿಗೆ ಅಣು ಸೇರಿಸುತ್ತ ಹೋಗುತ್ತದೆ. ಪ್ರತಿ ರಾಳದ ಅಣುವಿಗೂ ಎರಡು ತುದಿ ಇರುವುದರಿಂದ ಸರದ ಜೊತೆಗೆ ಬಲೆಯೂ ಆಗುತ್ತದೆ. ಬೆಳಕು ಮಾಡಿದ್ದು ಕಿಡಿ ಹೊತ್ತಿಸುವ ಕೆಲಸ ಮಾತ್ರ. ಮುಂದಿನದು ಅಣುಗಳ ಸ್ವಂತ ಓಟ.

ಪಿಯುಸಿ ವಿದ್ಯಾರ್ಥಿಗಳು ‘ಇನಿಷಿಯೇಷನ್, ಪ್ರಾಪಗೇಷನ್, ಟರ್ಮಿನೇಷನ್’ ಎಂದು ಉರು ಹೊಡೆಯುವ ಮೂರು ಹಂತಗಳು ಇವೇ. ಆರಂಭ, ಬೆಳವಣಿಗೆ, ಕೊನೆ. ಎರಡು ಒಂಟಿ ತುದಿಗಳು ಒಂದಕ್ಕೊಂದು ಸಿಕ್ಕಿ ಜೋಡಿಯಾದರೆ ಆ ಸಾಲು ಅಲ್ಲಿಗೆ ಮುಗಿಯಿತು. ಪುಸ್ತಕದಲ್ಲಿ ಒಣಗಿದಂತೆ ಕಾಣುವ ಈ ಪಾಠ ಕುರ್ಚಿಯಲ್ಲಿ ಕೂತ ಹುಡುಗನ ಬಾಯಲ್ಲಿ ನಡೆಯುತ್ತಿದೆಯೆಂದು ಮೇಷ್ಟರು ಹೇಳಿದರೆ ಹಿಂದಿನ ಬೆಂಚಿನವರೂ ತಲೆ ಎತ್ತಿಯಾರು.

ವೈದ್ಯರು ದೀಪದ ಮುಂದೆ ಕಿತ್ತಳೆ ಬಣ್ಣದ ಅಡ್ಡಗನ್ನಡಿ ಹಿಡಿಯುವುದನ್ನೂ ಸಿರಿಂಜು ಕಪ್ಪಾಗಿರುವುದನ್ನೂ ಗಮನಿಸಬೇಕು. ನೀಲಿಯನ್ನು ತಡೆದು ಉಳಿದುದನ್ನು ಬಿಡುವ ಬಣ್ಣ ಕಿತ್ತಳೆ. ಅದಿಲ್ಲದೆ ಆ ಬೆಳಕನ್ನು ನೇರವಾಗಿ ನೋಡುತ್ತಿದ್ದರೆ ಕಣ್ಣಿನ ಅಕ್ಷಿಪಟಲಕ್ಕೆ ಕೆಡುಕು. ಜೊತೆಗೆ ಬಂದ ತಂದೆತಾಯಿ ಕುತೂಹಲದಿಂದ ಬಗ್ಗಿ ನೋಡುವುದು ಸಹಜ, ಆದರೆ ನೋಡಬಾರದು. ಸಿರಿಂಜು ಕಪ್ಪು ಏಕೆಂದರೆ ಕೋಣೆಯ ಸಾಧಾರಣ ಬೆಳಕಿನಲ್ಲೂ ಒಂದಿಷ್ಟು ನೀಲಿ ಇದ್ದೇ ಇರುತ್ತದೆ.

ಈ ಕೆಲಸದಲ್ಲಿ ಮೋಸಹೋಗುವ ಜಾಗವೂ ಒಂದಿದೆ. ನೀಲಿ ಬೆಳಕು ಹಿಟ್ಟಿನೊಳಗೆ ಸುಮಾರು ಎರಡು ಮಿಲಿಮೀಟರ್ ಆಳದವರೆಗೆ ಮಾತ್ರ ಸಾಕಷ್ಟು ಇಳಿಯುತ್ತದೆ. ಅದಕ್ಕೇ ಪದರ ಪದರವಾಗಿ ಇಟ್ಟು ಪ್ರತಿ ಪದರಕ್ಕೂ ಬೆಳಕು ಕೊಡುವುದು. ದೀಪ ದುರ್ಬಲವಾಗಿದ್ದರೆ, ತುದಿ ಹಲ್ಲಿನಿಂದ ದೂರವಿದ್ದರೆ, ಅವಸರಪಟ್ಟರೆ, ಮೇಲ್ಮೈ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ. ತಳ ಮಾತ್ರ ಹಸಿ. ಕಡ್ಡಿ ಚುಚ್ಚಿ ನೋಡಿದರೂ ಮೇಲಿನಿಂದ ತಿಳಿಯುವುದಿಲ್ಲ. ಕೆಲವು ತಿಂಗಳ ನಂತರ ತುಂಬಿಸಿದ್ದು ಕಿತ್ತುಬಂದಾಗ ಅಥವಾ ಅದರಡಿಯಲ್ಲೇ ಮತ್ತೆ ಹುಳುಕು ಕಾಣಿಸಿದಾಗ ಗೊತ್ತಾಗುತ್ತದೆ. ಹಿಂದಿನ ಹ್ಯಾಲೊಜನ್ ದೀಪಗಳ ಕಾಲದಲ್ಲಿ ಮಲೆನಾಡಿನಂಥ ಕಡೆ ಇದು ಸಣ್ಣ ಸಮಸ್ಯೆಯೇನಲ್ಲ. ವೋಲ್ಟೇಜ್ ಇಳಿದರೆ ದೀಪದ ಕಸುವೂ ಇಳಿಯುತ್ತಿತ್ತು, ನೀಲಿ ಮಾತ್ರ ನೀಲಿಯಾಗಿಯೇ ಕಾಣುತ್ತಿತ್ತು. ಜಪಾನಿನ ಅಕಸಾಕಿ, ಅಮಾನೊ ಮತ್ತು ಜಪಾನ್ ಮೂಲದ ನಕಮುರ ಅವರಿಗೆ 2014ರ ನೊಬೆಲ್ ತಂದುಕೊಟ್ಟ ನೀಲಿ ಎಲ್‌ಇಡಿ ಬಂದ ಮೇಲೆ, ಬ್ಯಾಟರಿ ತುಂಬಿಟ್ಟುಕೊಂಡ ಸಣ್ಣ ಸಾಧನ ಕರೆಂಟಿಲ್ಲದಾಗಲೂ ಕೆಲಸ ಮಾಡುತ್ತದೆ. ಆದರೂ ದೀಪದ ಕಸುವನ್ನು ಆಗಾಗ ಮೀಟರಿನಿಂದ ಅಳೆಯಬೇಕು. ಮರದ ಮೇಲಿನ ಆಳಿಗೆ ಕೂಗಿ ಹೇಳಿದಂತೆ ಇಲ್ಲಿ ಕಣ್ಣಂದಾಜು ನಡೆಯುವುದಿಲ್ಲ.

ಗಾಳಿಯೂ ಇಲ್ಲೊಂದು ಆಟ ಆಡುತ್ತದೆ. ಆಕ್ಸಿಜನ್ ಈ ಒಂಟಿ ಎಲೆಕ್ಟ್ರಾನುಗಳನ್ನು ಕಂಡರೆ ತಕ್ಷಣ ಹಿಡಿದುಕೊಂಡು ಸರಪಳಿಯನ್ನು ನಿಲ್ಲಿಸಿಬಿಡುತ್ತದೆ. ಬೆಳಕು ಕೊಟ್ಟ ಮೇಲೂ ಹೊರಗಿನ ತೆಳು ಪದರ ಅಂಟಂಟಾಗಿ ಉಳಿಯುವುದು ಇದರಿಂದ. ಪದರದ ಮೇಲೆ ಪದರ ಕೂಡಿಕೊಳ್ಳಲು ಆ ಅಂಟು ಉಪಕಾರಿ. ಕೊನೆಯದನ್ನು ಉಜ್ಜಿ ತೆಗೆದು ಹೊಳಪು ಕೊಡುತ್ತಾರೆ. ಬಿಡಿ ಅಣುಗಳು ಹತ್ತಿರ ಬಂದು ಕೈಹಿಡಿದಾಗ ಒಟ್ಟು ಗಾತ್ರ ನೂರಕ್ಕೆ ಎರಡು ಮೂರರಷ್ಟು ಕುಗ್ಗುವುದೂ ಉಂಟು. ಹಲ್ಲಿಗೂ ತುಂಬಿಸಿದ್ದಕ್ಕೂ ನಡುವೆ ಸೀಳು ಬಿಡಬಾರದೆಂದು ದಂತ ವಿಜ್ಞಾನಿಗಳು ಇಂದಿಗೂ ಹೆಣಗುತ್ತಿರುವುದು ಈ ಕುಗ್ಗುವಿಕೆಯ ಜೊತೆಗೇ.

ಮೂರನೆಯ ಅಂಗಡಿಯ ಮಾತು ಬೇಗ ಮುಗಿಯುತ್ತದೆ. ಅಂಚು ಬಾಗಿದ ಮೊಬೈಲಿಗೆ ಗಾಜು ಅಂಟಿಸುವ ಹುಡುಗ ಒಂದು ತೊಟ್ಟು ದ್ರವ ಹಾಕಿ, ಗಾಜು ಇಳಿಸಿ, ಪುಟ್ಟ ನೇರಳಾತೀತ ದೀಪ ಹಿಡಿಯುತ್ತಾನೆ. ಇಲ್ಲಿ ಬೆಳಕು ಬಿದ್ದಾಗ ಆರಂಭಕಾರಿ ಅಣು ತಾನೇ ಎರಡಾಗಿ ಸೀಳುತ್ತದೆ. ಎರಡು ಚೂರೂ ರಾಡಿಕಲ್ಲುಗಳೇ. ಕಿತ್ತುಕೊಳ್ಳಲು ಅಮೈನಿನ ಜೊತೆ ಬೇಡ. ಕಾಫಿಪುಡಿ ತುಂಬಿ ಕಳಿಸುವ ರಟ್ಟಿನ ಪೆಟ್ಟಿಗೆಯ ಮೇಲಿನ ಅಚ್ಚಿಗೆ ಬಳಸುವ ರಬ್ಬರಿನಂಥ ಫಲಕವೂ ಈ ವಿದ್ಯೆಯದೇ. 1981ರಲ್ಲಿ ಜಪಾನಿನ ಹಿದೆಯೊ ಕೊಡಮ ದ್ರವ ರಾಳಕ್ಕೆ ಪದರ ಪದರವಾಗಿ ಬೆಳಕು ಕೊಟ್ಟು ಮೂರು ಆಯಾಮದ ಮಾದರಿ ಕಟ್ಟುವ ಬಗೆಯನ್ನು ಪ್ರಕಟಿಸಿದರು. 1986ರಲ್ಲಿ ಅಮೆರಿಕದ ಚಾರ್ಲ್ಸ್ ಹಲ್ ಅದೇ ದಾರಿಯಲ್ಲಿ ಹಕ್ಕುಪತ್ರ ಪಡೆದರು. ಇಂದಿನ ತ್ರೀಡಿ ಮುದ್ರಣದ ಒಂದು ದೊಡ್ಡ ಕವಲು ಅಲ್ಲಿಂದ ಚಿಗುರಿತು. ಗಟ್ಟಿಯಾಗದ ಈ ದ್ರವ ಬೆರಳಿಗೆ ಹತ್ತಿದರೆ ಚರ್ಮದ ಅಲರ್ಜಿ ಬರಬಹುದು. ಅಂಗಡಿಯ ಹುಡುಗರು ಬರಿಗೈಯಲ್ಲಿ ಒರೆಸುವುದನ್ನು ಬಿಟ್ಟರೆ ಒಳ್ಳೆಯದು.

ಬೈಕ್ರೋಮೇಟಿನ ಕಥೆಗೆ ಮರಳಬೇಕು. ಮೂಡಿಗೆರೆಗೆ ಅದು ಬರೀ ರಸಾಯನಶಾಸ್ತ್ರವಲ್ಲ. ಬೆಳಕು ಬಿದ್ದ ಕಡೆಯ ಕ್ರೋಮಿಯಂ ಮೂರರ ಸ್ಥಿತಿಗೆ ಇಳಿದು ಬಟ್ಟೆಯ ಮೇಲೇ ಉಳಿಯುತ್ತದೆ. ಬೆಳಕು ಬೀಳದ ಕಡೆಯದು ಆರರ ಸ್ಥಿತಿಯಲ್ಲೇ ಇದ್ದು, ತೊಳೆದ ಹಳದಿ ನೀರಿನೊಡನೆ ಚರಂಡಿಗೆ ಇಳಿಯುತ್ತದೆ. ಆರರ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಚರ್ಮಕ್ಕೂ ನೀರಿನ ಜೀವಿಗಳಿಗೂ ವಿಷ. ಯುರೋಪಿನ ಒಕ್ಕೂಟದಲ್ಲಿ 2017ರಿಂದ ವಿಶೇಷ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ಹೇಮಾವತಿ ಹುಟ್ಟುವ ಜಾವಳಿ ಇದೇ ಮೂಡಿಗೆರೆ ಸೀಮೆಯದು. ಇಲ್ಲಿನ ಹಳ್ಳಕೊಳ್ಳಗಳ ನೀರು ಗೊರೂರಿನ ಅಣೆಕಟ್ಟೆಗೆ, ಅಲ್ಲಿಂದ ಕಾವೇರಿಗೆ. ಮೇಲೆ ಇರುವವರು ಚರಂಡಿಗೆ ಚೆಲ್ಲಿದ್ದು ಕೆಳಗಿನವರ ಕೊಡಕ್ಕೆ ಬರುತ್ತದೆಂಬುದು ಮಲೆನಾಡಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. ಅಂಗಡಿಯೊಂದರ ಕೆಲವು ತೊಟ್ಟು ಸಣ್ಣದೇ ಇರಬಹುದು. ಆದರೆ ಬಕೆಟ್ಟಿನಲ್ಲಿ ಕೈ ಅದ್ದಿ ಚೌಕಟ್ಟು ತೊಳೆಯುವ ಕೆಲಸದ ಹುಡುಗನಿಗೆ ಅದು ಸಣ್ಣದಲ್ಲ.

ಪರಿಹಾರ ಮಾರುಕಟ್ಟೆಯಲ್ಲೇ ಇದೆ. ಡೈಅಜೋ ಬೆರೆಸಿದ ಎಮಲ್ಷನ್ ಕ್ರೋಮಿಯಂ ಇಲ್ಲದೆಯೇ ಗಟ್ಟಿಯಾಗುತ್ತದೆ. ಬೆಳಕಿಗೆ ತಾವೇ ಕೊಂಡಿ ಹಾಕಿಕೊಳ್ಳುವ ಗುಂಪುಗಳನ್ನು ಸರಕ್ಕೆ ಮೊದಲೇ ಕಟ್ಟಿಟ್ಟ ಫೋಟೊಪಾಲಿಮರ್ ಎಮಲ್ಷನ್ನುಗಳು ಇನ್ನೂ ಬೇಗ ಗಟ್ಟಿಯಾಗುತ್ತವೆ, ಡಬ್ಬಿ ತೆರೆದರೆ ಸಾಕು, ಏನನ್ನೂ ಬೆರೆಸಬೇಕಿಲ್ಲ. ಬೆಲೆ ಹೆಚ್ಚು. ನೂರು ಪ್ರಶಸ್ತಿಪತ್ರಕ್ಕೆ ಚೌಕಾಶಿ ಮಾಡುವ ಗಿರಾಕಿ ಇರುವವರೆಗೆ ಹಳೆಯ ಕಿತ್ತಳೆ ಬಾಟಲಿ ಕಪಾಟಿನಿಂದ ಇಳಿಯುವುದು ಕಷ್ಟ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಸ್ಕ್ರೀನ್ ಮಾಡಿ ತೋರಿಸಬೇಕೆಂದು ಹಟ ಹಿಡಿಯುವ ಮಕ್ಕಳಿಗೆ ಮೇಷ್ಟರು ಡೈಅಜೋ ಎಮಲ್ಷನ್ನನ್ನೇ ಕೊಡಿಸಬೇಕು, ಕೈಗವಸು ಹಾಕಿಸಬೇಕು. ಬೈಕ್ರೋಮೇಟ್ ಶಾಲೆಯ ಬಾಗಿಲಿಗೂ ಬರಬಾರದು.

ಇತ್ತ ಆಸ್ಪತ್ರೆಯಲ್ಲಿ ಕೊನೆಯ ಪದರಕ್ಕೆ ಬೆಳಕು ಕೊಡುವಾಗಲೇ ಗುಡುಗಿನ ಸದ್ದಿನೊಂದಿಗೆ ಕರೆಂಟು ಹೋಯಿತು ಎನ್ನೋಣ. ಬೀದಿಯಾಚೆಯ ಪ್ರಿಂಟಿಂಗ್ ಅಂಗಡಿಯಲ್ಲಿ ಟ್ಯೂಬುಗಳ ಪೆಟ್ಟಿಗೆ ಕತ್ತಲಾಗುತ್ತದೆ. ಅರ್ಧ ಬೆಳಕು ಕಂಡ ಚೌಕಟ್ಟನ್ನು ತೊಳೆದು, ಮತ್ತೆ ಮೊದಲಿನಿಂದ ಬಳಿಯಬೇಕು. ಬ್ಯಾಟರಿಯ ನೀಲಿ ಬೆಳಕು ಮಾತ್ರ ಇಪ್ಪತ್ತರವರೆಗೂ ಎಣಿಸಿ ಕಿಣಿ ಎನ್ನುತ್ತದೆ.

“ಈಗ ಊಟ ಮಾಡಬೌದಾ ಡಾಕ್ಟ್ರೇ?” ಹುಡುಗನಿಗೆ ಮನೆಯ ಕಡುಬಿನ ನೆನಪು.

“ಧಾರಾಳವಾಗಿ. ಆದ್ರೆ ಗಟ್ಟಿ ಚಕ್ಕುಲಿ ಇವತ್ತು ಮುಂದಿನ ಹಲ್ಲಲ್ಲಿ ಕಚ್ಚಬೇಡ.”

ವೈದ್ಯರ ಮಾತಿಗೆ ಕಾರಣವಿದೆ. ದೀಪ ಆರಿದ ಮೇಲೆ ಹೊಸ ಕಿಡಿ ಹುಟ್ಟುವುದಿಲ್ಲ ನಿಜ. ಆದರೆ ಗಟ್ಟಿಯಾಗುತ್ತಿರುವ ರಾಳದೊಳಗೆ ಸಿಕ್ಕಿಬಿದ್ದ ಒಂಟಿ ತುದಿಗಳು ಕತ್ತಲಲ್ಲೂ ನಿಧಾನವಾಗಿ ಪಕ್ಕದ ಅಣುವನ್ನು ಹುಡುಕುತ್ತಲೇ ಇರುತ್ತವೆ. ಬೆಳಕು ಕಂಡ ಕೂಡಲೇ ಆದ ಗಟ್ಟಿತನ ಮುಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಇನ್ನಷ್ಟು ಏರುತ್ತದೆ. ತಾಯಿ ಮಗನಿಗೆ ಕೊಡೆ ಹಿಡಿದು ಮೆಟ್ಟಿಲು ಇಳಿಯುತ್ತಾಳೆ. ಮಳೆಯ ಸದ್ದಿನ ನಡುವೆ ಹುಡುಗ ‘ಸ್ವಾತಂತ್ರ್ಯ, ಸ್ವಾತಂತ್ರ್ಯ’ ಎಂದು ಹೇಳಿ ನೋಡಿಕೊಳ್ಳುತ್ತ ಬಸ್ ನಿಲ್ದಾಣದ ಕಡೆ ನಡೆಯುತ್ತಾನೆ.